ಕದ್ದವರು ಯಾರು, ಕೆತ್ತಿದವರು ಯಾರು?



ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಹಾಕಿದ್ದರು. ಎಡಗಡೆಯದು ಜಪಾನಿನ ಹಿರೋಶಿಗೆ 1857ರಲ್ಲಿ ರಚಿಸಿದ ಮರದಚ್ಚಿನ ಚಿತ್ರ: ಒಂದು ಕಟ್ಟಿಗೆಯ ಸೇತುವೆ, ಅದರ ಮೇಲೆ ಥಟ್ಟನೆ ಸುರಿದ ಮಳೆ, ತಲೆ ತಗ್ಗಿಸಿ ಓಡುತ್ತಿರುವ ಜನ. ಬಲಗಡೆಯದು ಅದೇ ಸೇತುವೆ, ಅದೇ ಮಳೆ, ಅದೇ ಜನ. ಆದರೆ 1887ರಲ್ಲಿ ಪ್ಯಾರಿಸ್ಸಿನಲ್ಲಿ ವ್ಯಾನ್ ಗೋ ಎಣ್ಣೆಬಣ್ಣದಲ್ಲಿ ಬರೆದದ್ದು. ಕೆಳಗೆ ಒಂದು ಸಾಲು: “ನೋಡ್ರಿ ಸರ್, ಇದಕ್ಕ ಕಳವು ಅನ್ನದ ಮತ್ತೇನ್ ಅನ್ನೂದು? ಪೂರ್ವದವರದನ್ನ ಕದ್ದು ಅವರು ದೊಡ್ಡವರಾದ್ರು.”

ನಾನು ಆ ಚಿತ್ರಗಳನ್ನು ನಮ್ಮ ಮನೆತನದ ಗುಂಪಿಗೂ ಕಳಿಸಿದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಬೇರೆಯೇ ಉತ್ತರ ಬರೆದ: “ಮಾಮಾ, ವ್ಯಾನ್ ಗೋ ಬರೀದೇ ಇದ್ದಿದ್ರ ಈ ಹಿರೋಶಿಗೆ ಯಾರಂತ ನಮಗ ಗೊತ್ತಾಗ್ತಿತ್ತೇನು? ಬೆಲೆ ಕಟ್ಟಿದವರು ಅವರ.”

ಇಬ್ಬರ ಮೇಲೂ ನನಗೆ ಪ್ರೀತಿಯಿದೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಒಬ್ಬ ಪಶ್ಚಿಮವನ್ನು ಕಳ್ಳನನ್ನಾಗಿ ಮಾಡಿದ, ಇನ್ನೊಬ್ಬ ರತ್ನಪರೀಕ್ಷಕನನ್ನಾಗಿ ಮಾಡಿದ. ಎರಡರಲ್ಲಿಯೂ ಜಪಾನಿನ ಮನುಷ್ಯನಿಗೆ ಕೆಲಸವೇ ಇಲ್ಲ. ಅವನು ಕಳಕೊಂಡವನು, ಇಲ್ಲವೆ ಸಿಕ್ಕವನು. ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಕಲಿಸಿದವನಾಗಿ ಹೇಳುತ್ತೇನೆ, ನಮ್ಮ ಪಠ್ಯಪುಸ್ತಕಗಳೂ ಈ ರೋಗದಿಂದ ಮುಕ್ತವಾಗಿಲ್ಲ. ‘ಪ್ರಭಾವ’ ಎಂಬ ಒಂದು ಶಬ್ದವನ್ನು ಬರೆದು ಮುಂದೆ ಹೋಗಿಬಿಡುತ್ತವೆ. ಪ್ರಭಾವವೆಂಬುದು ಗಾಳಿಯಲ್ಲಿ ತೇಲಿ ಬರುವ ವಸ್ತುವೇ? ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕು. ಆ ಕೈಗಳು ಯಾರವು ಎಂಬುದೇ ನನ್ನ ತಕರಾರು.

ಮೊದಲು ಆ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯೋಣ. ಹಿರೋಶಿಗೆಯಾಗಲಿ ಹೊಕುಸಾಯ್ ಆಗಲಿ ತೆಳ್ಳನೆಯ ಕಾಗದದ ಮೇಲೆ ಮಸಿಯಿಂದ ಚಿತ್ರ ಬರೆದುಕೊಡುತ್ತಿದ್ದರು. ಕೆತ್ತುವವನು ಆ ಕಾಗದವನ್ನು ಮಗುಚಿ, ಚೆರ್ರಿ ಮರದ ನುಣುಪಾದ ಹಲಗೆಗೆ ಅಂಟಿಸುತ್ತಿದ್ದ. ಆಮೇಲೆ ಕಾಗದದ ಸಮೇತ ಹಲಗೆಯನ್ನು ಕೆತ್ತುತ್ತಿದ್ದ. ಗೆರೆಯ ಎರಡೂ ಬದಿಯ ಕಟ್ಟಿಗೆಯನ್ನು ತೆಗೆದು, ಗೆರೆಯನ್ನಷ್ಟೇ ಉಬ್ಬಾಗಿ ಉಳಿಸಬೇಕು. ಕೆಲಸ ಮುಗಿಯುವ ಹೊತ್ತಿಗೆ ಕಲಾವಿದ ಬರೆದ ಮೂಲ ಚಿತ್ರ ಚೂರುಚೂರಾಗಿ ಹೋಗಿರುತ್ತಿತ್ತು! ಈ ಒಂದು ಸಂಗತಿಯ ಮೇಲೆ ನೀವು ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ವಿನಂತಿ. ನಾವು ಇಂದು ಯಾವುದನ್ನು ‘ಹಿರೋಶಿಗೆಯ ಗೆರೆ’ ಎಂದು ಕೊಂಡಾಡುತ್ತೇವೆಯೋ ಅದು ಹಿರೋಶಿಗೆಯ ಕುಂಚ ಎಳೆದ ಗೆರೆಯಲ್ಲ, ಇನ್ನೊಬ್ಬನ ಉಳಿ ಉಳಿಸಿದ ಗೆರೆ. ಆ ಮಳೆಯ ನೂರಾರು ಎಳೆಗಳನ್ನು ಕೂದಲಿನಷ್ಟು ಸಣ್ಣಗೆ, ಒಂದೂ ಮುರಿಯದಂತೆ ಹಲಗೆಯ ಮೇಲೆ ನಿಲ್ಲಿಸಿದವನು ಆ ಕೆತ್ತುವವನು.

ಒಂದು ಹಲಗೆ ಗೆರೆಗೆ. ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು. ಎಂಟು ಹತ್ತು ಹಲಗೆಗಳ ಬಣ್ಣ ಒಂದೇ ಕಾಗದದ ಮೇಲೆ ಒಂದಿಷ್ಟೂ ಸರಿಯದಂತೆ ಕೂಡಬೇಕಾದರೆ ಗುರುತು ಬೇಕು. ಅದಕ್ಕಾಗಿ ಪ್ರತಿ ಹಲಗೆಯ ಮೂಲೆಯಲ್ಲಿ ಒಂದು, ಅಂಚಿನಲ್ಲಿ ಒಂದು ಸಣ್ಣ ಕಚ್ಚು ಕೆತ್ತುತ್ತಾರೆ. ಜಪಾನಿ ಭಾಷೆಯಲ್ಲಿ ಅದಕ್ಕೆ ‘ಕೆಂತೊ’ ಎಂದು ಹೆಸರು. 1740ರ ದಶಕದಲ್ಲಿ ರೂಢಿಗೆ ಬಂದ ಈ ಕಚ್ಚಿನ ಬಲದಿಂದಲೇ 1765ರ ಹೊತ್ತಿಗೆ ಹರುನೊಬುವಿನ ಬಹುವರ್ಣದ ಚಿತ್ರಗಳು ಸಾಧ್ಯವಾದವು. ಅಚ್ಚೊತ್ತುವವನದು ಮೂರನೆಯ ಕೈ. ಅವನಿಗೆ ಯಂತ್ರವಿರಲಿಲ್ಲ. ಹಲಗೆಗೆ ಬಣ್ಣವನ್ನೂ ಅಕ್ಕಿಯ ಗಂಜಿಯನ್ನೂ ಹಚ್ಚಿ, ಮೇಲೆ ಪಸೆಯ ಕಾಗದವನ್ನು ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ತಿಕ್ಕುತ್ತಿದ್ದ. ಆಕಾಶ ಮೇಲೆ ಕಡುನೀಲಿಯಾಗಿ ಕೆಳಗೆ ತಿಳಿಯಾಗುತ್ತ ಬರುವುದನ್ನು ಕಂಡಿರಲ್ಲ, ಅದನ್ನು ಹಲಗೆಯಲ್ಲಿ ಕೆತ್ತಿರುವುದಿಲ್ಲ. ಹಲಗೆಯ ಮೇಲಿನ ಬಣ್ಣವನ್ನು ಪ್ರತಿ ಸಲವೂ ಆತ ತನ್ನ ಕೈಯಿಂದ ಒರೆಸಿ ತಿಳಿಗೊಳಿಸಬೇಕಿತ್ತು. ಇವರೆಲ್ಲರಿಗೂ ಬಂಡವಾಳ ಹಾಕಿ ಕೆಲಸ ಹಂಚುವವನು ಪ್ರಕಾಶಕ.

ಈ ಕೆಲಸಗಾರರ ಬೆಲೆ ಹೊಕುಸಾಯನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆತನೇ ಎಳೆಯ ವಯಸ್ಸಿನಲ್ಲಿ ಮರ ಕೆತ್ತುವವರ ಬಳಿ ಕೆಲಸ ಕಲಿತವನು. ಪ್ರಕಾಶಕರಿಗೆ ಬರೆದ ಪತ್ರಗಳಲ್ಲಿ ಆತ ಎಗಾವಾ ತೊಮೆಕಿಚಿ ಎಂಬವನ ಕೈಯಿಂದಲೇ ಕೆತ್ತಿಸಬೇಕೆಂದು ಕೇಳಿಕೊಂಡಿದ್ದಾನೆ. ಫೂಜಿ ಪರ್ವತದ ನೂರು ನೋಟಗಳ ಪುಸ್ತಕವನ್ನು ಕೆತ್ತಿದವನು ಆ ಎಗಾವಾ. ಹೊಕುಸಾಯನ ಹೆಸರು ಬಲ್ಲವರು ಲೋಕದ ತುಂಬ ಇದ್ದಾರೆ. ಎಗಾವಾ ತೊಮೆಕಿಚಿಯ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಿರಿ?

ಈಗ ಕಳವಿನ ಮಾತಿಗೆ ಬರುತ್ತೇನೆ. ಹೊಕುಸಾಯನ ‘ಮಹಾ ಅಲೆ’ಯನ್ನು ನೀವೆಲ್ಲರೂ ನೋಡಿದ್ದೀರಿ, ಅಂಗಿಯ ಮೇಲೆ, ಚಹದ ಕಪ್ಪಿನ ಮೇಲೆ, ಮೊಬೈಲಿನ ಕವಚದ ಮೇಲೆ ಅದು ಬಂದಿದೆ. ಸುಮಾರು 1831ರ ಆ ಚಿತ್ರದ ಜೀವವೇ ಅದರ ನೀಲಿ. ಆ ನೀಲಿ ಜಪಾನಿನದಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ತಯಾರಾದ ರಾಸಾಯನಿಕ ಬಣ್ಣ ಅದು. ನಾಗಾಸಾಕಿಯ ಡಚ್ ಮತ್ತು ಚೀನೀ ವ್ಯಾಪಾರಿಗಳ ಮೂಲಕ ಬಂದು, 1830ರ ಸುಮಾರಿಗೆ ಅಗ್ಗವಾಗಿ ಸಿಗತೊಡಗಿತು. ಜಪಾನೀಯರು ಅದಕ್ಕಿಟ್ಟ ಹೆಸರಿನಲ್ಲಿಯೇ ಬರ್ಲಿನ್ ಅಡಗಿದೆ: ‘ಬೆರೋ’. ದೂರದ ಫೂಜಿ ಚಿಕ್ಕದಾಗಿ, ಹತ್ತಿರದ ಅಲೆ ದೊಡ್ಡದಾಗಿ ಕಾಣುವ ಆ ನೋಟಕ್ರಮದ ಹಿಂದೆಯೂ ಡಚ್ಚರ ಪುಸ್ತಕ, ಚಿತ್ರಗಳಿಂದ ಕಲಿತ ಪಾಠವಿದೆ. ಹಾಗಾದರೆ ಹೊಕುಸಾಯ್ ಕಳ್ಳನೇ? ಯಾರೂ ಹಾಗೆ ಹೇಳುವುದಿಲ್ಲ, ಹೇಳಬಾರದು. ಪೂರ್ವದವನು ಪಡೆದರೆ ಪ್ರತಿಭೆ, ಪಶ್ಚಿಮದವನು ಪಡೆದರೆ ಕಳವು ಎಂಬ ಎರಡು ತಕ್ಕಡಿ ಸಲ್ಲದು.

ಇನ್ನು ಬೆಲೆ ಕಟ್ಟಿದ ಮಾತು. ಈ ಚಿತ್ರಗಳು ಯಾವುದೋ ಅರಮನೆಯಲ್ಲಿ ಮುಚ್ಚಿಟ್ಟ ನಿಧಿಯಾಗಿರಲಿಲ್ಲ. ಎದೋ, ಅಂದರೆ ಈಗಿನ ತೋಕಿಯೋ ನಗರದ ಸಾಮಾನ್ಯ ಜನರು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯುತ್ತಿದ್ದ ಸರಕು ಅವು. ಒಂದು ಚಿತ್ರದ ಬೆಲೆ ಒಂದೆರಡು ಬಟ್ಟಲು ಶಾವಿಗೆಯ ಬೆಲೆಯ ಆಸುಪಾಸಿನಲ್ಲಿತ್ತು. ಹೊಕುಸಾಯ್ ಫೂಜಿಯ 36 ನೋಟಗಳನ್ನು ಪ್ರಕಟಿಸಹೊರಟವನು ಬೇಡಿಕೆ ಕಂಡು ಇನ್ನೂ 10 ಸೇರಿಸಿ 46 ಮಾಡಿದ. ಬೆಲೆ ಕಟ್ಟಲು ಪ್ಯಾರಿಸ್ಸಿನವರು ಬರಬೇಕಾಗಿತ್ತೆಂದರೆ ಆ 10 ಚಿತ್ರಗಳನ್ನು ಕೊಂಡವರು ಯಾರು? ಪಿಂಗಾಣಿ ಪಾತ್ರೆಗಳಿಗೆ ಸುತ್ತಿದ ರದ್ದಿ ಕಾಗದವಾಗಿ ಈ ಚಿತ್ರಗಳು ಯುರೋಪಿಗೆ ಬಂದವು, ಬ್ರಾಕ್‌ಮೋಂ ಎಂಬ ಫ್ರೆಂಚ್ ಕಲಾವಿದ 1856ರಲ್ಲಿ ಅವುಗಳ ಬೆಲೆ ಕಂಡುಹಿಡಿದ ಎಂಬ ಕಥೆಯೊಂದಿದೆ. ಕಲಾ ಇತಿಹಾಸಕಾರರೇ ಅದನ್ನು ದಂತಕಥೆಯೆಂದು ಕರೆಯುತ್ತಾರೆ. ನಿಜವೆಂದೇ ಇಟ್ಟುಕೊಳ್ಳಿ, ನಮ್ಮ ಸಂತೆಯಲ್ಲಿ ಹಳೆಯ ಪುಸ್ತಕದ ಹಾಳೆಯಲ್ಲಿ ಶೇಂಗಾ ಕಟ್ಟಿ ಕೊಡುತ್ತಾರೆ. ಅದರಿಂದ ಪುಸ್ತಕ ಬರೆದವನಿಗೆ ನಮ್ಮಲ್ಲಿ ಮಾನವಿರಲಿಲ್ಲ ಎಂದು ಶೇಂಗಾ ತಿಂದವನು ತೀರ್ಪು ಕೊಡಬಹುದೇ?

ಹಾಗಾದರೆ ಪಶ್ಚಿಮದವರು ಮಾಡಿದ್ದೇನು? ಇಲ್ಲಿ ಎರಡು ಬಗೆಯವರನ್ನು ಬೇರ್ಪಡಿಸಬೇಕು. ಒಂದು ಬಗೆಯವರು ಕಣ್ಣಿನಿಂದ ಕಲಿತರು. ವ್ಯಾನ್ ಗೋ ಆ ಗುಂಪಿನವನು. ಅವನೂ ಅವನ ತಮ್ಮ ಥಿಯೋವೂ ನೂರಾರು ಜಪಾನಿ ಚಿತ್ರಗಳನ್ನು ಕೂಡಿಹಾಕಿದ್ದರು. ಆದರೆ ಅವನು ಹಲಗೆ ಮುಟ್ಟಲಿಲ್ಲ, ಎಣ್ಣೆಬಣ್ಣದಲ್ಲಿಯೇ ಬರೆದ. ಹೆನ್ರಿ ರಿವಿಯೇರ್ ಎಂಬ ಫ್ರೆಂಚ್ ಕಲಾವಿದ ಹೊಕುಸಾಯನನ್ನು ನೆನೆದು ‘ಐಫೆಲ್ ಗೋಪುರದ 36 ನೋಟಗಳು’ ಎಂಬ ಸಂಪುಟವನ್ನು 1902ರಲ್ಲಿ ತಂದ, ಅದು ಕಲ್ಲಚ್ಚಿನದು. ಆದರೆ ಅದಕ್ಕೂ ಮೊದಲೇ, 1890ರ ದಶಕದಲ್ಲಿ, ಬ್ರಿಟನಿ ಕಡಲತೀರದ ನೋಟಗಳನ್ನು ಅವನೇ ಸ್ವತಃ ಹಲಗೆ ಕೆತ್ತಿ ಮುದ್ರಿಸಿದ್ದನೆಂಬುದನ್ನೂ ಹೇಳಬೇಕು.

ಇನ್ನೊಂದು ಬಗೆಯವರು ಕೈಯಿಂದ ಕಲಿತರು. ನನಗೆ ಇವರ ಮೇಲೆ ಪಕ್ಷಪಾತವಿದೆ. ಇವರಲ್ಲಿ ಮುಖ್ಯರಾದ ಇಬ್ಬರು ಮಾಸ್ತರರಾಗಿದ್ದುದು ಅದಕ್ಕೆ ಕಾರಣವಿರಬಹುದು. ಇವರು ಎಂಥ ಕಾಲದಲ್ಲಿ ಉಳಿ ಹಿಡಿದರೆಂದು ತಿಳಿದರೆ ಅವರ ಹಟ ಅರ್ಥವಾಗುತ್ತದೆ. ಇಂಗ್ಲೆಂಡಿನಲ್ಲಿ ಥಾಮಸ್ ಬೀವಿಕ್‌ನ ಕಾಲದಿಂದ ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಲಾಗಿ ಕೊಯ್ದು, ಆ ಮುಖದ ಮೇಲೆ ಸೂಜಿಮೊನೆಯಂಥ ಉಳಿಯಿಂದ ಕೆತ್ತುವ ಪದ್ಧತಿ ಬೆಳೆದಿತ್ತು. 1842ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ದಂಥ ಪತ್ರಿಕೆಗಳು ಬಂದ ಮೇಲೆ ಅದು ಕಾರ್ಖಾನೆಯ ಕೆಲಸವಾಯಿತು, ಒಂದು ದೊಡ್ಡ ಚಿತ್ರದ ಹಲಗೆಯನ್ನು ತುಂಡುಮಾಡಿ ಹಲವರಿಗೆ ಹಂಚಿ, ರಾತ್ರೋರಾತ್ರಿ ಕೆತ್ತಿಸಿ, ಮತ್ತೆ ಬೋಲ್ಟು ಹಾಕಿ ಜೋಡಿಸುತ್ತಿದ್ದರು. ಛಾಯಾಚಿತ್ರದ ಮುದ್ರಣ ಬಂದೊಡನೆ ಆ ಉದ್ಯೋಗ ಕುಸಿಯಿತು. ಹೀಗೆ ಕಟ್ಟಿಗೆಯ ಕೆಲಸಕ್ಕೆ ಮರ್ಯಾದೆ ಹೋಗಿದ್ದ ಹೊತ್ತಿನಲ್ಲಿ ಫ್ರಾಂಕ್ ಮಾರ್ಲಿ ಫ್ಲೆಚರ್ ಎಂಬ ಇಂಗ್ಲಿಷ್ ಚಿತ್ರಕಲಾ ಶಿಕ್ಷಕ ಜಪಾನಿ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಅಭ್ಯಾಸಮಾಡಿದ. ಎಣ್ಣೆಮಸಿ ಬಿಟ್ಟು ನೀರಿನ ಬಣ್ಣ ಹಿಡಿದ, ಯಂತ್ರ ಬಿಟ್ಟು ಬಾರೆನ್ ಹಿಡಿದ, ಕೆಂತೊ ಕಚ್ಚು ಹಾಕಿದ. 1916ರಲ್ಲಿ ಅವನು ಬರೆದ ಪುಸ್ತಕದ ಶೀರ್ಷಿಕೆಯಲ್ಲಿಯೇ ಇದು ಜಪಾನಿನ ಪದ್ಧತಿಯನ್ನು ಆಧರಿಸಿದ್ದು ಎಂದು ಒಪ್ಪಿ ಹೇಳಿದ್ದಾನೆ. ಕಳ್ಳನು ಕದ್ದ ಮನೆಯ ವಿಳಾಸವನ್ನು ಬಾಗಿಲ ಮೇಲೆ ಬರೆದು ಹಾಕುತ್ತಾನೆಯೇ?

ಅಮೆರಿಕದಲ್ಲಿ ಆರ್ಥರ್ ವೆಸ್ಲಿ ಡೌ ಕೂಡ ಹಾಗೆಯೇ. 1891ರಲ್ಲಿ ಬೋಸ್ಟನ್ ವಸ್ತುಸಂಗ್ರಹಾಲಯದ ಜಪಾನಿ ಸಂಗ್ರಹವನ್ನು ನೋಡಿ, ಅಲ್ಲಿದ್ದ ಫೆನೊಲೋಸಾ ಅವರಿಂದ ತಿಳಿದುಕೊಂಡು, ತನ್ನ ಊರು ಇಪ್ಸ್‌ವಿಚ್‌ನ ಹೊಳೆ ಸೇತುವೆಗಳನ್ನು ಹಲಗೆಯಲ್ಲಿ ಕೆತ್ತಿದ. ಒಂದೇ ಹಲಗೆಗಳಿಂದ ಬೆಳಗು, ಬೈಗು, ಮಂಜು ಎಂದು ಬೇರೆ ಬೇರೆ ಬಣ್ಣದಲ್ಲಿ ಮುದ್ರಿಸಿ ತೋರಿಸಿದ. 1899ರಲ್ಲಿ ‘ಕಾಂಪೊಸಿಷನ್’ ಎಂಬ ಪುಸ್ತಕ ಬರೆದ. ರೇಖೆ, ಬೆಳಕು-ಕತ್ತಲೆಯ ಹೊಂದಿಕೆ, ಬಣ್ಣ ಎಂಬ ಮೂರರ ಮೇಲೆ ನಿಂತ ಆ ಪಾಠಕ್ರಮ ಅಮೆರಿಕದ ಅಸಂಖ್ಯ ಡ್ರಾಯಿಂಗ್ ತರಗತಿಗಳನ್ನು ತಲುಪಿತು. ಜಾರ್ಜಿಯಾ ಓಕೀಫ್ ಅವನ ಶಿಷ್ಯೆ.

ಆದರೆ ಈ ಪಶ್ಚಿಮದ ಗುರುಗಳ ಮೇಲೂ ನನಗೊಂದು ಆಕ್ಷೇಪಣೆಯಿದೆ. ಅವರು ಉಳಿಯನ್ನು ತೆಗೆದುಕೊಂಡರು, ಬಾರೆನ್ ತೆಗೆದುಕೊಂಡರು. ಕೆತ್ತುವವನ ಪೀಠವನ್ನು ಮಾತ್ರ ತೆಗೆದುಬಿಟ್ಟರು. ಬರೆಯುವವನೂ ಕೆತ್ತುವವನೂ ಒತ್ತುವವನೂ ಒಬ್ಬನೇ ಆಗಿರಬೇಕು, ಆಗಲೇ ಅದು ನಿಜವಾದ ಕಲೆ ಎಂಬ ನಿಯಮ ಅವರದು. ಕೇಳಲು ಉದಾತ್ತವಾಗಿದೆ. ಅದರ ಬೆನ್ನಿಗಿರುವ ಮಾತು ಏನೆಂದರೆ, ಪರರ ಚಿತ್ರವನ್ನು ಕೆತ್ತುವವನು ಬರಿಯ ಕೂಲಿ ಎಂಬುದು. 1910ರಲ್ಲಿ ಲಂಡನ್ನಿನ ಜಪಾನ್-ಬ್ರಿಟಿಷ್ ಪ್ರದರ್ಶನಕ್ಕೆ ಉರುಶಿಬಾರಾ ಯೋಶಿಜಿರೊ ಎಂಬ ತರುಣ ಕುಶಲಕರ್ಮಿ ಹೋದ. ಜನರ ಎದುರಿಗೆ ಕೆತ್ತಿ, ಒತ್ತಿ ತೋರಿಸಿದ, ಅಲ್ಲಿಯೇ ಉಳಿದ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಪುರಾತನ ಚೀನೀ ಚಿತ್ರಸುರುಳಿಯೊಂದನ್ನು ಸಹೋದ್ಯೋಗಿಯೊಡನೆ ಮರದಚ್ಚಿನಲ್ಲಿ ಪ್ರತಿರೂಪಗೊಳಿಸಿದ. ಫ್ರಾಂಕ್ ಬ್ರಾಂಗ್ವಿನ್ ಬರೆದ ಚಿತ್ರಗಳನ್ನು ವರ್ಷಗಟ್ಟಲೆ ಕೆತ್ತಿದ. ಇಂಗ್ಲೆಂಡಿನ ಅನೇಕರು ಅವನ ಕೈ ನೋಡಿ ಕಲಿತರು. ‘ಜಪಾನಿನ ಪ್ರಭಾವ’ ಎಂದು ನಾವು ಹೇಳುವುದಕ್ಕೆ ಎರಡು ಕಾಲು, ಎರಡು ಕೈ, ಒಂದು ಹೆಸರು ಇದ್ದರೆ ಅದು ಉರುಶಿಬಾರಾ. ವ್ಯಾನ್ ಗೋನ ಸೇತುವೆಯನ್ನು ಮುಂದೂಡುವ ನಮ್ಮ ಗುಂಪುಗಳಲ್ಲಿ ಅವನ ಹೆಸರು ಬಂದುದನ್ನು ನಾನು ಕಾಣೆ.

ನಮ್ಮ ದೇಶವೂ ಆ ಹಲಗೆಗಳ ಮೇಲೆ ಬಂದಿದೆ. ಭಾರತವನ್ನು ಸುತ್ತಿ ಹೋದ ಚಾರ್ಲ್ಸ್ ಬಾರ್ಟ್‌ಲೆಟ್ ಎಂಬ ಇಂಗ್ಲಿಷ್ ಕಲಾವಿದನ ಕಾಶಿ, ಉದಯಪುರ, ತಾಜಮಹಲುಗಳನ್ನು 1916ರಲ್ಲಿ ತೋಕಿಯೋದ ವತಾನಬೆ ಎಂಬ ಪ್ರಕಾಶಕ ತನ್ನ ಕೆಲಸಗಾರರಿಂದ ಕೆತ್ತಿಸಿ ಮುದ್ರಿಸಿದ. ಯೋಶಿದಾ ಹಿರೋಶಿ ಎಂಬ ಜಪಾನಿ ಕಲಾವಿದ ತಾನೇ 1930-31ರಲ್ಲಿ ಭಾರತಕ್ಕೆ ಬಂದು ಅಜಂತಾ, ಎಲ್ಲೋರಾ, ಮದುರೆಗಳನ್ನು ಚಿತ್ರಿಸಿಕೊಂಡು ಹೋದ. ಇನ್ನು ಜಪಾನಿನವರು ಪಶ್ಚಿಮದಿಂದ ಮರಳಿ ಪಡೆದದ್ದೂ ಕಡಿಮೆಯಲ್ಲ. ಯಾಮಾಮೊತೊ ಕನಾಯೆ 1904ರಲ್ಲಿ ‘ಬೆಸ್ತ’ ಎಂಬ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದ. ಪಶ್ಚಿಮದ ಆ ನಿಯಮವೇ ಅಲ್ಲಿ ಹೊಸ ಪಂಥವಾಯಿತು. ಇದೇ ಯಾಮಾಮೊತೊ 1919ರಲ್ಲಿ ಶಾಲೆಯ ಮಕ್ಕಳು ಮಾದರಿ ಪುಸ್ತಕ ನೋಡಿ ಗೀಚುವುದನ್ನು ಬಿಟ್ಟು ತಾವು ಕಂಡದ್ದನ್ನು ಬರೆಯಬೇಕೆಂದು ದೊಡ್ಡ ಚಳವಳಿ ನಡೆಸಿದ. ವ್ಯಾನ್ ಗೋನಂತಾಗಬೇಕೆಂದು ಹಟ ತೊಟ್ಟ ಮುನಾಕಾತಾ ಶಿಕೊ ಹಲಗೆ ಕೆತ್ತಿಯೇ 1956ರ ವೆನಿಸ್ ಪ್ರದರ್ಶನದಲ್ಲಿ ಮುದ್ರಣಕಲೆಯ ಮಹಾಬಹುಮಾನ ಪಡೆದ. ಸಾಲ ಯಾರದು, ಬಡ್ಡಿ ಯಾರದು ಎಂದು ಲೆಕ್ಕ ಹಾಕುವವರು ಇಲ್ಲಿ ಸೋತುಹೋಗುತ್ತಾರೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನ ಬೇಕೆನ್ನುವವರು ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರನ್ನು ನೆನೆಯಬೇಕು. 1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಎಂಬ ಇಬ್ಬರು ಜಪಾನಿ ಕಲಾವಿದರು ಕಲ್ಕತ್ತಕ್ಕೆ ಬಂದಿದ್ದರು. ಅವರ ಕೆಲಸ ನೋಡಿ ಅವನೀಂದ್ರನಾಥ ಠಾಕೂರರು ಬಣ್ಣದ ಮೇಲೆ ನೀರನ್ನು ಹಾಯಿಸಿ ಹಾಯಿಸಿ ತಿಳಿಗೊಳಿಸುವ ತಮ್ಮ ವಾಶ್ ಪದ್ಧತಿಯನ್ನು ರೂಪಿಸಿಕೊಂಡರು. ಅವರ ಕೈಕೆಳಗೆ ಕಲ್ಕತ್ತದಲ್ಲಿ ಕಲಿತವರು ವೆಂಕಟಪ್ಪನವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ 1913ರಲ್ಲಿ ಬಂದ ಪುರಾಣಕಥೆಗಳ ಗ್ರಂಥದಲ್ಲಿ ಅವರ ಚಿತ್ರಗಳಿವೆ. ಮುಂದೆ ಅವರು ಬರೆದ ಊಟಿ, ಕೊಡೈಕೆನಾಲ್‌ಗಳ ಮಂಜನ್ನು ನೋಡಿ ಇದು ಜಪಾನಿನ ನಕಲು ಎನ್ನಲು ಯಾರಿಗೆ ಬಾಯಿ ಬಂದೀತು? ಅದೇ ಅವನೀಂದ್ರರ ಇನ್ನೊಬ್ಬ ಶಿಷ್ಯ ನಂದಲಾಲ ಬೋಸರು 1924ರಲ್ಲಿ ರವೀಂದ್ರರೊಡನೆ ಚೀನಾ ಜಪಾನುಗಳನ್ನು ಸುತ್ತಿ ಬಂದವರು. 1930ರಲ್ಲಿ ಲಿನೋಲಿಯಂ ಕೆತ್ತಿ ದಂಡಿಯಾತ್ರೆಯ ಗಾಂಧೀಜಿಯನ್ನು ನಿಲ್ಲಿಸಿದರು. ರವೀಂದ್ರರು ಬಂಗಾಳಿ ಮಕ್ಕಳಿಗಾಗಿ ಬರೆದ ‘ಸಹಜ ಪಾಠ’ಕ್ಕೂ ಅವರೇ ಚಿತ್ರ ಕೆತ್ತಿದರು. ಒಂದನೆಯ ಇಯತ್ತೆಯ ಪುಸ್ತಕಕ್ಕೆ ದೇಶದ ದೊಡ್ಡ ಕಲಾವಿದ ಉಳಿ ಹಿಡಿದು ಕೂಡುವುದೆಂದರೆ ಏನೆಂದು ನಮ್ಮ ಈಗಿನ ಪಠ್ಯಪುಸ್ತಕಗಳನ್ನು ತಿರುವಿಹಾಕಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ನಮ್ಮ ಮನೆಯ ಮಾತು. ನಾವು ಬಾಗೇವಾಡಿಯವರು ಬಸವಣ್ಣನ ಊರಿನವರೆಂದು ಎದೆಯುಬ್ಬಿಸುತ್ತೇವೆ. ಶರಣರ ಹೆಸರುಗಳನ್ನು ಒಮ್ಮೆ ಹೇಳಿಕೊಳ್ಳಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ. ಹೆಸರಿಗೂ ಮುಂಚೆ ಕಾಯಕ ಬರುತ್ತದೆ. ಮಾಚಯ್ಯನ ದೇವರ ಹಿಪ್ಪರಗಿ ನಮ್ಮ ಜಿಲ್ಲೆಯದೇ. ಹೀಗಿದ್ದೂ ಕಲೆಯ ಮಾತು ಬಂದಾಗ ನಾವು ಕೈಯ ಕೆಲಸದವನನ್ನು ಹೊರಗೆ ನಿಲ್ಲಿಸಿ, ಕದ್ದವನು ಯಾರು ಮೆಚ್ಚಿದವನು ಯಾರು ಎಂದು ಜಗಳಕ್ಕೆ ನಿಲ್ಲುತ್ತೇವೆ.

ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ನಿಮ್ಮ ಮನೆಗಳಲ್ಲಿ ಸಕ್ಕರೆ ಆರತಿ ಮಾಡಿದ್ದೀರಿ ಅಥವಾ ಪೇಟೆಯಿಂದ ತಂದಿದ್ದೀರಿ. ಆನೆ, ಕುದುರೆ, ಗಿಳಿ, ತೇರು, ಬಸವಣ್ಣ. ನಿಶ್ಚಯವಾದ ಹೆಣ್ಣಿಗೆ ಬೀಗರು ಒಯ್ಯುವುದೂ ಅದನ್ನೇ. ಅದರ ಕಟ್ಟಿಗೆಯ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದವರೆಷ್ಟು ಮಂದಿ? ಎರಡು ಹೋಳು, ಎರಡನ್ನೂ ನೀರಲ್ಲಿ ನೆನೆಸಿ, ಕೂಡಿಸಿ ಬಿಗಿಯಾಗಿ ಕಟ್ಟಿ, ಕಾಯ್ದ ಪಾಕ ಸುರಿಯುತ್ತಾರೆ. ಜಪಾನಿನ ಹಲಗೆಯಲ್ಲಿ ಉಳಿದದ್ದು ಚಿತ್ರವಾಗುತ್ತದೆ, ನಮ್ಮ ಅಚ್ಚಿನಲ್ಲಿ ತೆಗೆದದ್ದು ಗೊಂಬೆಯಾಗುತ್ತದೆ. ಎರಡರಲ್ಲಿಯೂ ಬಲವನ್ನು ಎಡವಾಗಿ ಕಾಣುವ ಕಣ್ಣು ಬೇಕು. ಆ ಕಣ್ಣಿದ್ದ ಬಡಿಗರ ಹೆಸರು ಯಾವ ಪುಸ್ತಕದಲ್ಲಿದೆ? ಗೌರಿ ಹುಣ್ಣಿಮೆಯ ಗಿಳಿಯನ್ನು ನಾಳೆ ಯಾವನೋ ಪರದೇಶದವನು ಕಂಡು ತನ್ನ ಚಿತ್ರದಲ್ಲಿ ಬಳಸಿದರೆ ನಮ್ಮ ಗುಂಪುಗಳಲ್ಲಿ ‘ಕಳವು, ಕಳವು’ ಎಂಬ ಕೂಗು ಏಳುವುದು ಖಂಡಿತ. ಯಾರದು ಕಳವಾಯಿತೆಂದು ಪೊಲೀಸರು ಕೇಳಿದರೆ ಹೇಳಲು ಒಂದು ಹೆಸರೂ ನಮ್ಮಲ್ಲಿರುವುದಿಲ್ಲ.

ಡ್ರಾಯಿಂಗ್ ಮಾಸ್ತರರ ವಿಷಯವನ್ನೂ ಹೇಳಿಯೇ ತೀರಬೇಕು. ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರು ನಿವೃತ್ತರಾದರು. ಆ ಸ್ಥಾನ ನಾನು ಅಲ್ಲಿರುವವರೆಗೂ ತುಂಬಲಿಲ್ಲ. ಆ ಅವಧಿಗಳನ್ನು ಗಣಿತಕ್ಕೂ ಇಂಗ್ಲಿಷಿಗೂ ಹಂಚಲಾಯಿತು, ಪಾಲಕರು ಸಂತೋಷಪಟ್ಟರು. ಅವರ ಕಪಾಟಿನಲ್ಲಿದ್ದ ಲಿನೋ ಕೆತ್ತುವ ಉಳಿಗಳು ತುಕ್ಕು ಹಿಡಿದು, ಕಡೆಗೆ ರದ್ದಿಯ ಜೊತೆ ತೂಕಕ್ಕೆ ಹೋದವು. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳು ಕೂಡುವುದು ನಿಂತಿತು. “ಈಗೆಲ್ಲಾ ಕಂಪ್ಯೂಟರಿನ್ಯಾಗ ಬರ್ತದ, ಕೈಲೆ ಯಾಕ?” ಎಂದು ನನ್ನನ್ನು ಕೇಳಿದವರಿದ್ದಾರೆ. ಯುರೋಪಿನಲ್ಲಿ ಫೋಟೋ ಬಂದು ಕಟ್ಟಿಗೆಯ ಕೆಲಸ ನೆಲಕಚ್ಚಿದ ಮೇಲೆಯೇ ಫ್ಲೆಚರನೂ ಡೌನೂ ಉಳಿ ಹಿಡಿದರು ಎಂಬುದನ್ನು ಇವರಿಗೆ ಹೇಳಬೇಕೆನಿಸುತ್ತದೆ. ಕಣ್ಣಿಂದ ನೋಡಿ ಮುಂದೂಡುವುದಕ್ಕೆ ಬೆರಳ ತುದಿ ಸಾಕು. ಪರರಿಂದ ಏನನ್ನಾದರೂ ಪಡೆಯಬೇಕಾದರೂ, ಪರರು ನಮ್ಮಿಂದ ಪಡೆಯುವಂಥದು ಏನಾದರೂ ಇರಬೇಕಾದರೂ ಅಂಗೈ ಬೇಕು. ಒಂಬತ್ತನೆಯ ಇಯತ್ತೆಯ ಹುಡುಗನಿಗೆ ವಾರಕ್ಕೆ ಒಂದು ತಾಸು ಉಳಿ ಕೊಡಲಾರದ ಸಮಾಜ ಕಳವಿನ ಫಿರ್ಯಾದಿ ಹೇಳುವುದು ಯಾವ ಮುಖದಿಂದ?

ಈ ಸಲ ಗೌರಿ ಹುಣ್ಣಿಮೆಗೆ ಊರಿಗೆ ಬಂದವರು ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನಲ್ಲಿ ಹಳೆಯ ಅಚ್ಚುಗಳೇನಾದರೂ ಇದ್ದರೆ ತೆಗೆದು ನೋಡಿರಿ. ಯಾವ ಮರದ್ದು, ಯಾವ ಊರಿನಲ್ಲಿ ಮಾಡಿಸಿದ್ದು, ಕೆತ್ತಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಅಚ್ಚಿನ ಎರಡೂ ಹೋಳುಗಳ ಫೋಟೋ ತೆಗೆದು ಅದರ ಜೊತೆಗೆ ನನಗೆ ಕಳಿಸಿರಿ. ಹಿರಿಯರು ಇರುವಾಗಲೇ ಕೇಳಿರಿ.